ದಿನಕ್ಕೆ ಮೂರು ಗ್ರಾಂ: ಕ್ರಿಯಾಟಿನ್ ಶುರು ಮಾಡುವವರಿಗೆ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗ್ ಕೆಳಗೆ ಒಂದು ಜಿಮ್ ಇದೆ. ಬೆಳಿಗ್ಗೆ ಆರಕ್ಕೆ ಅದರ ಶಟರ್ ಎತ್ತಿದ ಸದ್ದೇ ನನಗೆ ಅಲಾರಂ. 46ನೇ ವಯಸ್ಸಿಗೆ ನಾನೂ ಅಲ್ಲಿ ಸೇರಿದೆ. ಕಾರಣ ದೊಡ್ಡದೇನಲ್ಲ, ದಾದರ್ ಸ್ಟೇಷನ್ನಿನ ಸೇತುವೆ ಹತ್ತುವಾಗ ಕಾಲು ಸೋಲಲು ಶುರುವಾಗಿತ್ತು. ಎರಡನೇ ವಾರಕ್ಕೆ ಅಲ್ಲಿಯ ಹುಡುಗನೊಬ್ಬ ಕೇಳಿದ, "ಅಂಕಲ್, ಕ್ರಿಯಾಟಿನ್ ಲೇತೇ ಹೋ ಕ್ಯಾ?" ಕ್ರಿಯಾಟಿನ್ ತಗೊಳ್ತೀರಾ ಅಂತ. ಸ್ನಾಯುವಿನ ಬಲಕ್ಕೆಂದು ಜಿಮ್‌ನವರು ನೀರಲ್ಲಿ ಕಲಸಿ ಕುಡಿಯುವ ಬಿಳಿ ಪುಡಿ ಅದು.

ಅಲ್ಲಿಂದ ಒಂದೂವರೆ ವರ್ಷ. ಈ ನಡುವೆ ಮೋಸ ಹೋದೆ, ಹೊಟ್ಟೆ ಕೆಡಿಸಿಕೊಂಡೆ, ರಕ್ತದ ರಿಪೋರ್ಟ್ ನೋಡಿ ಮನೆಮಂದಿಯನ್ನೆಲ್ಲ ಹೆದರಿಸಿದೆ. ಈಗ ಮಾಟುಂಗಾದಲ್ಲಿ ಕಾಫಿಗೆ ಕೂತಾಗ ಊರಿನವರು ಒಬ್ಬೊಬ್ಬರಾಗಿ ಇದನ್ನೇ ಕೇಳುತ್ತಾರೆ. ಪ್ರತಿ ಸಲ ಮೊದಲಿನಿಂದ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ. ನಾನು ಡಾಕ್ಟರ್ ಅಲ್ಲ, ಲೆಕ್ಕಪತ್ರ ಬರೆಯುವವನು. ಅದಕ್ಕೇ ಇಲ್ಲಿ ಲೆಕ್ಕ ಸ್ವಲ್ಪ ಜಾಸ್ತಿ.

ಮೊದಲು ಇದೇನು ಅಂತ ತಿಳಿದುಕೊಳ್ಳಿ

ಕ್ರಿಯಾಟಿನ್ ಹೊರಗಿನ ಮದ್ದಲ್ಲ. ನಿಮ್ಮ ಮೈಯಲ್ಲಿ ಈಗಲೇ ಇದೆ. ಕಿಡ್ನಿ ಮತ್ತು ಲಿವರ್ ಸೇರಿ ಮೂರು ಅಮೈನೋ ಆಮ್ಲಗಳಿಂದ ಇದನ್ನು ತಯಾರಿಸುತ್ತವೆ. 70 ಕಿಲೋ ತೂಕದ ಮನುಷ್ಯನಲ್ಲಿ ಸುಮಾರು 120 ಗ್ರಾಂ ಇರುತ್ತದೆ, ಅದರಲ್ಲಿ ಶೇಕಡಾ 95ರಷ್ಟು ಸ್ನಾಯುಗಳಲ್ಲೇ. ದಿನಾ ಅದರಲ್ಲಿ ಸುಮಾರು 2 ಗ್ರಾಂ ಸವೆದು ಮೂತ್ರದಲ್ಲಿ ಹೋಗುತ್ತದೆ. ಅಷ್ಟನ್ನು ಮತ್ತೆ ತುಂಬಬೇಕು. ಸುಮಾರು ಅರ್ಧ ಮೈ ತಾನೇ ಮಾಡಿಕೊಳ್ಳುತ್ತದೆ, ಉಳಿದರ್ಧ ಮೀನು, ಮಾಂಸ ತಿನ್ನುವವರಿಗೆ ತಟ್ಟೆಯಿಂದ ಬರುತ್ತದೆ. 1832ರಲ್ಲಿ ಫ್ರಾನ್ಸಿನ ಷೆವ್ರಲ್ ಎಂಬ ರಸಾಯನ ವಿಜ್ಞಾನಿ ಇದನ್ನು ಮೊದಲು ಬೇರ್ಪಡಿಸಿದ್ದು ಮಾಂಸದಿಂದಲೇ. ಗ್ರೀಕ್ ಭಾಷೆಯಲ್ಲಿ ಮಾಂಸಕ್ಕಿರುವ ಪದದಿಂದ ಈ ಹೆಸರು ಬಂತು.

ಕೆಲಸ ಹೇಗೆ ಮಾಡುತ್ತದೆ? ಹೋಟೆಲ್ ಗಲ್ಲಾದಲ್ಲಿ ಕೂತವರಿಗೆ ಇದು ಬೇಗ ತಲೆಗೆ ಹೋಗುತ್ತದೆ. ನನ್ನ ಮಾವ ಮೂವತ್ತು ವರ್ಷ ಕೂತಿದ್ದರು. ಮಧ್ಯಾಹ್ನ ಒಂದು ಗಂಟೆಯ ರಶ್‌ನಲ್ಲಿ ಗಲ್ಲಾದೊಳಗಿನ ಚಿಲ್ಲರೆ ಎರಡೇ ನಿಮಿಷಕ್ಕೆ ಖಾಲಿ. ಬ್ಯಾಂಕಿಗೆ ಹೋಗಿ ತರಲು ಪುರುಸೊತ್ತೆಲ್ಲಿ? ಅದಕ್ಕೇ ಅವರು ಕಾಲ ಬುಡದಲ್ಲಿ ಒಂದು ಡಬ್ಬದಲ್ಲಿ ಚಿಲ್ಲರೆ ಕಟ್ಟಿಟ್ಟಿರುತ್ತಿದ್ದರು. ಬಗ್ಗಿ ತೆಗೆದು ಗಲ್ಲಾಕ್ಕೆ ಸುರಿದರೆ ಸಾಲು ಮುಂದಕ್ಕೆ ಹೋಗುತ್ತಿತ್ತು. ಸ್ನಾಯುವಿಗೂ ಹೀಗೇ. ಕೈಯಲ್ಲಿರುವ ಚಿಲ್ಲರೆ ಎಟಿಪಿ, ಅಂದರೆ ಸ್ನಾಯು ಆ ಕ್ಷಣಕ್ಕೆ ಖರ್ಚು ಮಾಡುವ ಶಕ್ತಿ. ಜೋರಾಗಿ ಭಾರ ಎತ್ತಿದರೆ ಅದು ಒಂದೆರಡು ಸೆಕೆಂಡಿಗೆ ಮುಗಿಯುತ್ತದೆ. ಆಗ ಫಾಸ್ಫೋಕ್ರಿಯಾಟಿನ್ ಎಂಬ ಕಾಲ ಬುಡದ ಡಬ್ಬ ತೆರೆಯುತ್ತದೆ, ಎಟಿಪಿ ಮತ್ತೆ ತುಂಬುತ್ತದೆ. ಈ ಡಬ್ಬವೂ ಹತ್ತು ಸೆಕೆಂಡಿನಷ್ಟೇ ಬರುವುದು. ಆಮೇಲೆ ಸಕ್ಕರೆ, ಕೊಬ್ಬು ಉರಿಸುವ ನಿಧಾನದ ದಾರಿಯೇ ಗತಿ. ಪುಡಿ ತಿಂದರೆ ಆಗುವುದಿಷ್ಟೇ: ಕಾಲ ಬುಡದ ಡಬ್ಬ ಸ್ವಲ್ಪ ದೊಡ್ಡದಾಗುತ್ತದೆ.

ಅಂದಹಾಗೆ ಈ ಫಾಸ್ಫೋಕ್ರಿಯಾಟಿನ್ ಪತ್ತೆಯಾದದ್ದು 1927ರಲ್ಲಿ. ಅದನ್ನು ಕಂಡವರಲ್ಲಿ ಒಬ್ಬರು ಆಂಧ್ರದ ಭೀಮವರಂನಲ್ಲಿ ಹುಟ್ಟಿ ಹಾರ್ವರ್ಡ್‌ಗೆ ಹೋಗಿದ್ದ ಯಲ್ಲಾಪ್ರಗಡ ಸುಬ್ಬರಾವ್. ಜಿಮ್‌ನಲ್ಲಿ ಅಮೆರಿಕದ ಡಬ್ಬ ಹಿಡಿದು ಮೆರೆಯುವ ಹುಡುಗರಿಗೆ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ನಿಮಗೆ ಬೇಕಾ, ಬೇಡವಾ

ಭಾರ ಎತ್ತುವವರು, ಕಡಿಮೆ ದೂರದ ಓಟದ ಪಂದ್ಯ, ಕಬಡ್ಡಿ ಆಡುವವರಿಗೆ ಉಪಯೋಗ ಇದೆ. ಬೆಳಿಗ್ಗೆ ಗಾರ್ಡನ್ನಿನಲ್ಲಿ ನಾಲ್ಕು ಸುತ್ತು ನಡೆದು ಇಡ್ಲಿ ತಿಂದು ಬರುವವರಿಗೆ ಇಲ್ಲ. ತೂಕ ಇಳಿಸಲು ಅಂತೂ ಅಲ್ಲವೇ ಅಲ್ಲ. ಪುಡಿ ತಿಂದು ಸೋಫಾದಲ್ಲಿ ಕೂತರೆ ಸ್ನಾಯು ಬೆಳೆಯುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ.

ಐವತ್ತೈದು ದಾಟಿದವರು ಇದನ್ನು ಹುಡುಗರ ವಸ್ತು ಎಂದು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ವಯಸ್ಸಾದವರ ಮೇಲಿನ ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2017ರಲ್ಲಿ ಲೆಕ್ಕ ಹಾಕಿದರು. ಭಾರ ಎತ್ತುವ ವ್ಯಾಯಾಮದ ಜೊತೆ ಕ್ರಿಯಾಟಿನ್ ತಗೊಂಡವರಲ್ಲಿ, ಬರೀ ವ್ಯಾಯಾಮ ಮಾಡಿದವರಿಗಿಂತ, ಕೊಬ್ಬು ಬಿಟ್ಟ ಮೈತೂಕ ಸರಾಸರಿ 1.4 ಕಿಲೋದಷ್ಟು ಜಾಸ್ತಿ ಬಂದಿತ್ತು. 'ವ್ಯಾಯಾಮದ ಜೊತೆ' ಎಂಬ ಮಾತನ್ನು ಮಾತ್ರ ಹಾರಿಸಿ ಓದಬೇಡಿ.

ಸಸ್ಯಾಹಾರಿಗಳಿಗೆ ಲಾಭ ಇನ್ನೂ ಜಾಸ್ತಿ ಕಾಣಬಹುದು. ಒಂದು ಕಿಲೋ ಹಸಿ ಮಾಂಸ ಅಥವಾ ಮೀನಿನಲ್ಲಿ ಸುಮಾರು 3ರಿಂದ 5 ಗ್ರಾಂ ಕ್ರಿಯಾಟಿನ್ ಇರುತ್ತದೆ. ಹಾಲಿನಲ್ಲಿ ಲೀಟರಿಗೆ ಅದರ ಹತ್ತನೇ ಒಂದು ಪಾಲೂ ಇಲ್ಲ. ಬೇಳೆ, ತರಕಾರಿಯಲ್ಲಿ ಇಲ್ಲವೆಂದೇ ಹೇಳಬೇಕು. ಹಾಗಾಗಿ ಅವರ ಸ್ನಾಯುವಿನ ಡಬ್ಬ ಸಾಮಾನ್ಯವಾಗಿ ಅರೆಬರೆ ತುಂಬಿರುತ್ತದೆ. ಮುಲುಂಡಿನಲ್ಲಿರುವ ನನ್ನ ಧಾರವಾಡದ ಗೆಳೆಯ ಇದನ್ನು ಕೇಳಿ, "ಅಲ್ಲೋ ಮಾರಾಯಾ, ಮಾಂಸದಿಂದ ತಗದದ್ದು ಅಂತೀ, ನನಗ ತಿನ್ನು ಅಂತೀ" ಅಂತ ಬೈದ. ಅದಕ್ಕೆ ಉತ್ತರ ಮುಂದೆ ಇದೆ.

ಯಾರು ಮುಟ್ಟಬಾರದು? ಕಿಡ್ನಿ ತೊಂದರೆ ಇರುವವರು, ಒಂದೇ ಕಿಡ್ನಿ ಇರುವವರು ಡಾಕ್ಟರ್ ಹೇಳದೆ ಮುಟ್ಟಲೇಬಾರದು. ಶುಗರ್, ಬಿಪಿ ಇರುವವರು, ಕೀಲುನೋವಿಗೆ ದಿನಾ ನೋವಿನ ಮಾತ್ರೆ ನುಂಗುವವರು ಮೊದಲು ಕೇಳಿ ಆಮೇಲೆ ತಗೊಳ್ಳಿ. ಬಸುರಿ, ಬಾಣಂತಿಯರಿಗೆ ಬೇಡ. 18 ತುಂಬದ ಮಕ್ಕಳಿಗೂ ಬೇಡ.

ಕೊಳ್ಳುವ ಮುಂಚೆ ಒಂದು ರಕ್ತ ಪರೀಕ್ಷೆ

ಇದನ್ನು ಎಲ್ಲರೂ ಬಿಡುತ್ತಾರೆ, ನಾನೂ ಬಿಟ್ಟೆ. ಕ್ರಿಯಾಟಿನಿನ್ ಎಂಬ ಪರೀಕ್ಷೆ ಮಾಡಿಸಿ, ಆ ಕಾಗದ ಜೋಪಾನವಾಗಿಡಿ. ಗಮನಿಸಿ: ಕ್ರಿಯಾಟಿನ್ ಬೇರೆ, ಕ್ರಿಯಾಟಿನಿನ್ ಬೇರೆ. ಪುಡಿ ಮೊದಲನೆಯದು. ಅದು ಸವೆದು ಆಗುವ ಕಸ ಎರಡನೆಯದು. ಆ ಕಸವನ್ನು ಹೊರಹಾಕುವುದು ಕಿಡ್ನಿ. ಅದಕ್ಕೇ ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಅಂತ ಅಳೆಯುತ್ತಾರೆ. ಈ ಒಂದಕ್ಷರದ ವ್ಯತ್ಯಾಸ ನಮ್ಮ ಮನೆಯಲ್ಲಿ ಎಬ್ಬಿಸಿದ ಗಲಾಟೆಯನ್ನು ಆಮೇಲೆ ಹೇಳುತ್ತೇನೆ.

ಅಂಗಡಿಯಲ್ಲಿ

ಕ್ರಿಯಾಟಿನ್ ಮೊನೊಹೈಡ್ರೇಟ್ ಅಂತ ಬರೆದಿರುವ, ಬಣ್ಣ ರುಚಿ ಏನೂ ಹಾಕದ ಪುಡಿ ಕೇಳಿ. ಸಾಕು. ಹೈಡ್ರೋಕ್ಲೋರೈಡ್, ಈಥೈಲ್ ಎಸ್ಟರ್, 'ಬಫರ್ಡ್' ಅಂತೆಲ್ಲ ಬೇರೆ ನಮೂನೆಯ ಕ್ರಿಯಾಟಿನ್ ತೋರಿಸುತ್ತಾರೆ. ಬೆಲೆ ಜಾಸ್ತಿ, ಕೆಲಸ ಜಾಸ್ತಿ ಇಲ್ಲ. ದಶಕಗಳಿಂದ ಪ್ರಯೋಗಕ್ಕೆ ಒಳಗಾಗಿ ನಿಂತಿರುವುದು ಹಳೇ ಮೊನೊಹೈಡ್ರೇಟ್.

ನಾನು ಮೊದಲ ಸಲ ಕೊಂಡದ್ದು ಡಬ್ಬವನ್ನಲ್ಲ, ಪೊಟ್ಟಣ. ಪರಿಚಯದವರೊಬ್ಬರು "ದೊಡ್ಡ ಡಬ್ಬದಿಂದ ತೆಗೆದು ಕೊಡ್ತೇನೆ, ಅರ್ಧ ರೇಟು" ಅಂದರು. ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಪುಡಿ. ಮನೆಗೆ ಬಂದು ಅರ್ಧ ಲೋಟ ತಣ್ಣೀರಿಗೆ ಹಾಕಿದೆ. ಒಂದು ಸುತ್ತು ಕಲಕಿದ್ದೇ ತಡ, ಪೂರ್ತಿ ಕರಗಿತು. ಕುಡಿದೆ, ಸಿಹಿ. ಎಷ್ಟು ಒಳ್ಳೆ ಮಾಲು ಅಂದುಕೊಂಡೆ. ಎರಡು ತಿಂಗಳ ನಂತರ ಸೀಲ್ ಇರುವ ಡಬ್ಬ ತಂದಾಗ ಗೊತ್ತಾಯಿತು. ನಿಜವಾದ ಕ್ರಿಯಾಟಿನ್‌ಗೆ ರುಚಿಯೇ ಇಲ್ಲದ ಹಾಗೆ, ಇದ್ದರೆ ಒಂಚೂರು ಕಹಿ. ಮತ್ತೆ ಅದು ಅಷ್ಟು ಸುಲಭವಾಗಿ ಕರಗುವುದಿಲ್ಲ. 20 ಡಿಗ್ರಿಯ ಒಂದು ಲೀಟರ್ ನೀರಿಗೆ ಸುಮಾರು 14 ಗ್ರಾಂ ಮಾತ್ರ ಕರಗುತ್ತದೆ. ಅಂದರೆ 100 ಎಂಎಲ್ ತಣ್ಣೀರಿಗೆ 3 ಗ್ರಾಂ ಹಾಕಿದರೆ ಅರ್ಧದಷ್ಟು ಲೋಟದ ತಳದಲ್ಲಿ ಸಣ್ಣ ಮರಳಿನ ಹಾಗೆ ಕೂರಲೇಬೇಕು. ಪೂರ್ತಿ ಮಾಯವಾದರೆ ಅದು ಬೇರೆ ಏನೋ. ತಳದಲ್ಲಿ ಕೂತಿತು ಅಂದಮಾತ್ರಕ್ಕೆ ಶುದ್ಧ ಅಂತ ಹೇಳಲಾಗದು, ಆದರೆ ನನ್ನಂಥ ಪೆದ್ದುತನ ಇದರಿಂದ ತಪ್ಪುತ್ತದೆ. ಎರಡು ತಿಂಗಳು ನಾನು ತಿಂದದ್ದು ಬಹುಶಃ ಗ್ಲೂಕೋಸ್.

ಆದ್ದರಿಂದ ಪೊಟ್ಟಣ ಬೇಡ. ಸೀಲ್ ಇರುವ ಡಬ್ಬ, ಬಿಲ್ ಸಮೇತ. ಲೇಬಲ್ ಮೇಲೆ ಸರ್ಕಾರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ಲೋಗೋ, ಅದರ ಪಕ್ಕ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಆ ನಂಬರನ್ನು ಅದೇ ಸಂಸ್ಥೆಯ ಫೋಸ್ಕಾಸ್ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಅಂತ ತೋರಿಸುತ್ತದೆ. ಅಂಗಡಿಯಲ್ಲೇ ನಿಂತು ಮೊಬೈಲಿನಲ್ಲಿ ನೋಡಿ, ಎರಡು ನಿಮಿಷದ ಕೆಲಸ. ಬ್ಯಾಚ್ ನಂಬರ್, ತಯಾರಿಸಿದ ತಾರೀಖು, ಮುಗಿಯುವ ತಾರೀಖು ಕೂಡ ನೋಡಿ. ಪಂದ್ಯಗಳಲ್ಲಿ ಆಡುವ, 18 ದಾಟಿದ ಮಕ್ಕಳಿದ್ದರೆ ಇನ್ನೊಂದು ವಿಷಯ. ಆಟಗಾರರ ಉದ್ದೀಪನ ಮದ್ದು ತಡೆಯುವ ಜಾಗತಿಕ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಕ್ರಿಯಾಟಿನ್ ಇಲ್ಲ, ಆದರೆ ಕಳಪೆ ಡಬ್ಬದಲ್ಲಿ ಬೇರೇನಾದರೂ ಬೆರೆತಿದ್ದರೆ ಸಿಕ್ಕಿಬೀಳುವುದು ಆಟಗಾರನೇ. ಅಂಥವರು 'ಇನ್ಫಾರ್ಮ್ಡ್ ಸ್ಪೋರ್ಟ್' ಥರದ ಹೊರಗಿನ ಪರೀಕ್ಷೆಯ ಗುರುತು ಇರುವುದನ್ನೇ ಕೊಳ್ಳಲಿ.

ಈಗ ಧಾರವಾಡದ ಗೆಳೆಯನಿಗೆ ಉತ್ತರ. ಡಬ್ಬದ ಕ್ರಿಯಾಟಿನ್ ಮಾಂಸದಿಂದ ಬರುವುದಿಲ್ಲ. ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ಎರಡು ವಸ್ತುಗಳಿಂದ ಫ್ಯಾಕ್ಟರಿಯಲ್ಲಿ ತಯಾರಿಸುತ್ತಾರೆ. ಹಸಿರು ಚುಕ್ಕೆ ನೋಡಿ ಕೊಂಡರಾಯಿತು. ಕ್ಯಾಪ್ಸೂಲ್ ಆದರೆ ಹುಷಾರು, ಒಳಗಿನ ಪುಡಿ ಪ್ರಾಣಿಯದ್ದು ಅಲ್ಲದಿದ್ದರೂ ಹೊರಗಿನ ಸಿಪ್ಪೆ ಪ್ರಾಣಿಯಿಂದ ಬರುವ ಜೆಲಟಿನ್‌ದು ಇರಬಹುದು. 3 ಗ್ರಾಂ ಆಗಬೇಕಾದರೆ ನಾಲ್ಕೈದು ಕ್ಯಾಪ್ಸೂಲ್ ನುಂಗಬೇಕು ಬೇರೆ. ಯಾಕೆ ಸುಮ್ನೆ?

ಎಷ್ಟು, ಹೇಗೆ

ದಿನಕ್ಕೆ 3 ಗ್ರಾಂ. ಮೈ ದೊಡ್ಡದಿದ್ದು ಜೋರಾಗಿ ಭಾರ ಎತ್ತುವವರು 5 ಗ್ರಾಂ. ಇಷ್ಟೇ.

'ಲೋಡಿಂಗ್' ಅಂತ ಒಂದು ಮಾತು ಕೇಳುತ್ತೀರಿ. ಮೊದಲ ಐದಾರು ದಿನ ರೋಜು 20 ಗ್ರಾಂ, ನಾಲ್ಕು ಪಾಲು ಮಾಡಿ. ಇದರಿಂದ ಸ್ನಾಯುವಿನ ಡಬ್ಬ ಒಂದೇ ವಾರದಲ್ಲಿ ತುಂಬುತ್ತದೆ, ಸುಳ್ಳಲ್ಲ. ಆದರೆ 1996ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಪ್ರಯೋಗ ಇನ್ನೊಂದನ್ನೂ ತೋರಿಸಿತು. ದಿನಕ್ಕೆ 3 ಗ್ರಾಂ ತಗೊಂಡರೂ 28 ದಿನಕ್ಕೆ ಸ್ನಾಯು ಹೆಚ್ಚುಕಡಿಮೆ ಅಷ್ಟೇ ತುಂಬುತ್ತದೆ. ಮೂರು ವಾರದ ವ್ಯತ್ಯಾಸಕ್ಕೆ ಆಫೀಸಿಗೆ ಹೋಗುವ ನಮಗೆ ಯಾವ ಅವಸರ?

ನಾನು ಅವಸರ ಪಟ್ಟವನೇ. ನಿಜವಾದ ಡಬ್ಬ ಸಿಕ್ಕಿದ ಮಾರನೇ ದಿನ, ನಾಲ್ಕು ಪಾಲು ಮಾಡಲು ಪುರುಸೊತ್ತಿಲ್ಲ ಅಂತ ಬೆಳಿಗ್ಗೆ ಖಾಲಿ ಹೊಟ್ಟೆಗೆ 10 ಗ್ರಾಂ ಒಟ್ಟಿಗೇ ಹಾಕಿ, ಅರ್ಧ ಲೋಟ ನೀರಲ್ಲಿ ಮರಳು ಮರಳಾಗಿ ಕುಡಿದು ಎಂಟು ಗಂಟೆಯ ಫಾಸ್ಟ್ ಲೋಕಲ್ ರೈಲು ಹಿಡಿದೆ. ದಿವಾ ದಾಟುವಾಗ ಹೊಟ್ಟೆ ಗುಡುಗುಟ್ಟಿತು. ಮುಂಬ್ರಾ ಬರುವಷ್ಟರಲ್ಲಿ ಹಣೆಯಲ್ಲಿ ತಣ್ಣನೆ ಬೆವರು. ಆ ಹೊತ್ತಿನ ಡೊಂಬಿವಲಿ ಲೋಕಲ್‌ನಲ್ಲಿ ಕೈ ಎತ್ತಿ ಬೆವರು ಒರೆಸಲೂ ಜಾಗ ಇರುವುದಿಲ್ಲ, ಗೊತ್ತಲ್ಲ? ಕಳ್ವಾ ಕಳೆದು ಥಾಣೆ ಬರುವವರೆಗಿನ ಆ ಕೆಲವು ನಿಮಿಷ ನನಗೆ ಊರಿನ ಎಲ್ಲಾ ದೇವರೂ ನೆನಪಾದರು. ಥಾಣೆಯಲ್ಲಿ ಇಳಿದವನು ಮತ್ತೆ ಆಫೀಸಿಗೆ ಹೋಗಲಿಲ್ಲ. ತಪ್ಪು ಪುಡಿಯದ್ದಲ್ಲ. ಒಂದೇ ಸಲ ಅಷ್ಟು ಸುರಿದರೆ ಕರುಳು ಪೂರ್ತಿ ಹೀರಿಕೊಳ್ಳಲಾಗದೆ ಉಳಿದದ್ದು ನೀರನ್ನು ಎಳೆದುಕೊಳ್ಳುತ್ತದೆ, ಭೇದಿ ಆಗುತ್ತದೆ. ಒಂದು ಸಲಕ್ಕೆ 5 ಗ್ರಾಂ ದಾಟಬೇಡಿ.

ಅಳತೆಗೆ ಡಬ್ಬದೊಳಗಿನ ಸ್ಕೂಪ್ ಎಷ್ಟು ಗ್ರಾಂದು ಅಂತ ಮೊದಲು ಲೇಬಲ್‌ನಲ್ಲಿ ಓದಿ. ಕೆಲವು 3, ಕೆಲವು 5. ಸ್ಕೂಪ್ ಕೆಲವೊಮ್ಮೆ ಪುಡಿಯ ತಳದಲ್ಲಿ ಹೂತಿರುತ್ತದೆ, ಸಿಗಲಿಲ್ಲ ಅಂತ ಮನೆಯ ಚಮಚೆ ಹಿಡಿಯಬೇಡಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಸಲ ತೂಗಿ ನೋಡಿ.

ಹೊತ್ತು ಯಾವುದಾದರೂ ಸರಿ. ವ್ಯಾಯಾಮದ ಮುಂಚೆಯೋ ಆಮೇಲೋ ಅಂತ ಜಿಮ್‌ನಲ್ಲಿ ದೊಡ್ಡ ಚರ್ಚೆ ನಡೆಯುತ್ತದೆ. ಅದರಿಂದ ಬೀಳುವ ವ್ಯತ್ಯಾಸ ಇದ್ದರೂ ತೀರಾ ಸಣ್ಣದು. ಮರೆಯದ ಹೊತ್ತು ಯಾವುದೋ ಅದೇ ಒಳ್ಳೆ ಹೊತ್ತು. ನಾನು ತಿಂಡಿ ಆದ ಮೇಲೆ ಒಂದು ದೊಡ್ಡ ಲೋಟ ಉಗುರುಬೆಚ್ಚಗಿನ ನೀರಿಗೆ ಹಾಕುತ್ತೇನೆ, ಬಿಸಿಗೆ ಚೆನ್ನಾಗಿ ಕರಗುತ್ತದೆ. ಚಹಾಕ್ಕೆ ಹಾಕಿ ಕುಡಿದರೂ ಕೆಡುವುದಿಲ್ಲ. ಮಜ್ಜಿಗೆ, ನಿಂಬೆ ಶರಬತ್ತಿಗೆ ಹಾಕಿದರೆ ಆಗಲೇ ಕುಡಿಯಿರಿ. ಒಣ ಪುಡಿ ವರ್ಷಗಟ್ಟಲೆ ಚೆನ್ನಾಗಿರುತ್ತದೆ, ನೀರಿಗೆ ಬಿದ್ದ ಮೇಲೆ ನಿಧಾನವಾಗಿ ಕ್ರಿಯಾಟಿನಿನ್ ಆಗುತ್ತಾ ಹೋಗುತ್ತದೆ, ಹುಳಿಯಲ್ಲಿ ಇನ್ನೂ ಬೇಗ. ಬಾಟಲಿಯಲ್ಲಿ ಕಲಸಿ ಮೂರು ದಿನ ಇಡುವುದು ಬೇಡ.

ಜಿಮ್‌ಗೆ ರಜೆ ಇದ್ದ ದಿನವೂ ತಗೊಳ್ಳಿ. ಏಕಾದಶಿಗೋ, ಊರಿಗೆ ಹೋದಾಗಲೋ ಎರಡು ದಿನ ತಪ್ಪಿದರೆ ಏನೂ ಆಗುವುದಿಲ್ಲ, ಮರುದಿನ ದುಪ್ಪಟ್ಟು ಹಾಕಬೇಡಿ. ಪೂರ್ತಿ ನಿಲ್ಲಿಸಿದರೂ ಸ್ನಾಯು ಮೊದಲಿನ ಮಟ್ಟಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು.

ಮುಂಬೈ ಮಳೆ

ಜೂನ್ ಬಂತೆಂದರೆ ಉಪ್ಪು ನೀರಾಗುವ ಊರು ಇದು. ಪುಡಿ ಗಂಟು ಕಟ್ಟುತ್ತದೆ. ಗಂಟಾದರೆ ಎಸೆಯಬೇಡಿ, ಒಣಗಿದ್ದರೆ ಒಡೆದು ಬಳಸಬಹುದು. ಒದ್ದೆಯಾಗಿ ಬಣ್ಣ, ವಾಸನೆ ಬದಲಾದರೆ ಮಾತ್ರ ಎಸೆಯಿರಿ. ಒಳಗಿನ ಸಿಲಿಕಾ ಪೊಟ್ಟಣ ತೆಗೆಯಬೇಡಿ, ಒದ್ದೆ ಚಮಚೆ ಹಾಕಬೇಡಿ, ಸ್ಟವ್ ಮೇಲಿನ ಶೆಲ್ಫ್‌ನಲ್ಲಿ ಇಡಬೇಡಿ.

ತಗೊಂಡ ಮೇಲೆ ಏನಾಗುತ್ತದೆ

ಮೊದಲ ಕೆಲವು ವಾರಗಳಲ್ಲಿ ತೂಕ ಒಂದೆರಡು ಕಿಲೋ ಏರಬಹುದು, ಲೋಡಿಂಗ್ ಮಾಡಿದರೆ ಒಂದೇ ವಾರದಲ್ಲಿ. ಅದು ಕೊಬ್ಬಲ್ಲ, ಸ್ನಾಯುವಿನೊಳಗೆ ಸೇರಿದ ನೀರು. ಸಿನಿಮಾದ ಹಾಗೆ ಏನೂ ಆಗುವುದಿಲ್ಲ. ಎಂಟು ಸಲ ಎತ್ತುತ್ತಿದ್ದ ತೂಕವನ್ನು ಒಂದು ದಿನ ಒಂಬತ್ತು ಸಲ ಎತ್ತುತ್ತೀರಿ. ನನಗೆ ಅದು ಆರನೇ ವಾರದಲ್ಲಿ ಬಂತು. ಆ ಒಂದೊಂದು ಹೆಚ್ಚುವರಿ ಸಲ ತಿಂಗಳುಗಟ್ಟಲೆ ಕೂಡುತ್ತಾ ಹೋದರೆ ಸ್ನಾಯು ಬರುತ್ತದೆ.

ಕೂದಲು ಉದುರುತ್ತದಾ? 2009ರಲ್ಲಿ ದಕ್ಷಿಣ ಆಫ್ರಿಕಾದ 20 ರಗ್ಬಿ ಆಟಗಾರರ ಮೇಲೆ ನಡೆದ ಒಂದು ಪ್ರಯೋಗದಲ್ಲಿ ಕೂದಲು ಉದುರುವುದಕ್ಕೆ ನಂಟಿರುವ ಡಿಎಚ್‌ಟಿ ಎಂಬ ಹಾರ್ಮೋನು ಏರಿತ್ತು. ಗಾಳಿಸುದ್ದಿ ಹುಟ್ಟಿದ್ದು ಅಲ್ಲಿಂದ. ಅವರು ಕೂದಲನ್ನು ಎಣಿಸಿಯೇ ಇರಲಿಲ್ಲ. ನನ್ನ ತಲೆ ಬೋಳಾಗಿದ್ದು 2009ಕ್ಕೂ ಮುಂಚೆ, ಆದ್ದರಿಂದ ಸಾಕ್ಷಿ ಹೇಳಲು ನಾನು ಯೋಗ್ಯನಲ್ಲ.

ರಿಪೋರ್ಟ್ ಕೆಂಪಾದಾಗ

ಆಫೀಸಿನ ವಾರ್ಷಿಕ ತಪಾಸಣೆ. ಪಿಡಿಎಫ್ ಬಂತು. ಕ್ರಿಯಾಟಿನಿನ್ 1.38, ಪಕ್ಕದಲ್ಲಿ ಕೆಂಪು ಬಾಣ. ಅದರ ಕೆಳಗೆ ಇಜಿಎಫ್‌ಆರ್ ಎಂಬ ಕಿಡ್ನಿಯ ಅಂದಾಜು ಅಂಕಿಯೂ ಇಳಿದಿತ್ತು. ಹೆಂಡತಿ ಓದಿದಳು, ಅವಳ ಅಣ್ಣನಿಗೆ ಕಳಿಸಿದಳು, ಅರ್ಧ ಗಂಟೆಯಲ್ಲಿ ಕುಂದಾಪುರದಿಂದ ಅಮ್ಮನ ಫೋನ್. "ಆ ಪುಡಿ ಬಿಸಾಡ್ ಮೊದ್ಲ್!" ಹಳೇ ರಿಪೋರ್ಟ್ ಇದ್ದಿದ್ದರೆ ಹೋಲಿಸಿ ನೋಡಬಹುದಿತ್ತು. ಇರಲಿಲ್ಲ.

ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಜಿಮ್‌ಗೆ ಹೋಗ್ತೀರಾ? ಏನಾದರೂ ಪುಡಿ ತಗೊಳ್ತೀರಾ?" ಸ್ನಾಯುವಿನಲ್ಲಿ ಕ್ರಿಯಾಟಿನ್ ಜಾಸ್ತಿ ಇದ್ದರೆ ಅದರ ಕಸವೂ ಜಾಸ್ತಿ, ರಕ್ತದಲ್ಲಿ ಅಂಕಿ ಏರುತ್ತದೆ, ಕಿಡ್ನಿ ಸರಿಯಿದ್ದರೂ. ಇಜಿಎಫ್‌ಆರ್ ಅದೇ ಅಂಕಿಯಿಂದ ಲೆಕ್ಕ ಹಾಕುವುದರಿಂದ ಅದೂ ಇಳಿದಂತೆ ಕಾಣುತ್ತದೆ. ಅವರು ಸಿಸ್ಟಾಟಿನ್ ಸಿ ಎಂಬ ಬೇರೆ ರಕ್ತ ಪರೀಕ್ಷೆ ಬರೆದರು, ಕ್ರಿಯಾಟಿನ್ ತಿಂದರೆ ಅದು ಏರುವುದಿಲ್ಲ. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿದೆಯಾ ಅಂತ ಕೂಡ ನೋಡಿದರು. ಎರಡೂ ಸರಿಯಿತ್ತು.

ಇದರರ್ಥ ಕೆಂಪು ಬಾಣ ಕಂಡರೆ "ಓ, ಪುಡಿಯದ್ದು" ಅಂತ ಸುಮ್ಮನಿರಿ ಅಂತಲ್ಲ. ಪುಡಿಯದ್ದೋ ಕಿಡ್ನಿಯದ್ದೋ ಅಂತ ತೀರ್ಮಾನಿಸುವುದು ಡಾಕ್ಟರ್ ಕೆಲಸ. ಪುಡಿ ತಗೊಳ್ಳುತ್ತಿರುವುದನ್ನು ಮುಚ್ಚಿಡದೆ ಹೇಳುವುದು ನಮ್ಮ ಕೆಲಸ. ಇನ್ಶೂರೆನ್ಸ್‌ಗಾಗಿ ತಪಾಸಣೆ ಇದ್ದರೆ ನಾಲ್ಕು ವಾರ ಮುಂಚೆ ಪುಡಿ ನಿಲ್ಲಿಸಿ, ಫಾರಂನಲ್ಲಿ ಕೇಳಿದರೆ ಇದ್ದದ್ದು ಬರೆಯಿರಿ. ರಕ್ತ ಕೊಡುವ ಹಿಂದಿನ ಎರಡು ದಿನ ಭಾರೀ ವ್ಯಾಯಾಮ ಬೇಡ, ಹಿಂದಿನ ರಾತ್ರಿ ಮಟನ್ ಸುಕ್ಕವೂ ಬೇಡ. ಎರಡೂ ಕ್ರಿಯಾಟಿನಿನ್ ಅಂಕಿಯನ್ನು ಏರಿಸುತ್ತವೆ.

ಡಬ್ಬದ ಮೇಲೆ ತಾರೀಖು

ಕೊನೆಗೆ ಒಂದು ಲೆಕ್ಕದವನ ಚಾಳಿ. ಡಬ್ಬ ತೆರೆದ ದಿನ ಮುಚ್ಚಳದ ಮೇಲೆ ಮಾರ್ಕರ್‌ನಲ್ಲಿ ತಾರೀಖು ಬರೆಯಿರಿ. 250 ಗ್ರಾಂನ ಡಬ್ಬ ದಿನಕ್ಕೆ 3ರಂತೆ 83 ದಿನ ಬರಬೇಕು. ಬೇಗ ಮುಗಿದರೆ ನಿಮ್ಮ ಅಳತೆ ತಪ್ಪಿದೆ. ನನ್ನ ಮೂರನೇ ಡಬ್ಬ 52ನೇ ದಿನಕ್ಕೇ ಮುಗಿಯಿತು. ತಕ್ಕಡಿ ತಂದು ಸ್ಕೂಪ್ ತೂಗಿದೆ, ಸರಿಯಾಗಿ 3 ಗ್ರಾಂ. ಆ ರಾತ್ರಿ ಹನ್ನೊಂದನೇ ಕ್ಲಾಸಿನ ಮಗನ ನೀರಿನ ಬಾಟಲಿ ತೊಳೆಯಲು ಹೋದಾಗ ತಳದಲ್ಲಿ ಸಣ್ಣ ಬಿಳಿ ಮರಳು ಕೂತಿತ್ತು. ಅವನಿಗೆ ಹದಿನಾರು. 18 ಆಗಲಿ, ಡಾಕ್ಟರನ್ನು ಕೇಳಿ ಆಮೇಲೆ ನೋಡೋಣ ಅಂದೆ. ಅವನು ಹೂಂ ಅಂದ. ಈಗ ಡಬ್ಬ ನನ್ನ ಆಫೀಸ್ ಡ್ರಾಯರ್‌ನಲ್ಲಿದೆ, ಬೀಗ ಹಾಕಿ.